ಮೂರಡಿ ಮೆಟ್ಟಿಲು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಜಯನಗರದ ಕೆಲವು ನಿವೃತ್ತರ ಹಣ ಸೇರಿಸಿ ಚಿಕ್ಕಲಸಂದ್ರದಲ್ಲಿ ಫ್ಲ್ಯಾಟು ಕಟ್ಟಿಸುತ್ತಿದ್ದೆ. ಬಾಡಿಗೆ ಕಟ್ಟಿ ಕಟ್ಟಿ ಸುಸ್ತಾದವರಿಗೆ ಕೈಗೆಟಕುವ ಬೆಲೆಗೆ ಮನೆ ಸಿಗಬೇಕು, ಹಣ ಹಾಕಿದವರಿಗೆ ಬ್ಯಾಂಕಿಗಿಂತ ತುಸು ಹೆಚ್ಚು ಬಂದರೆ ಸಾಕು ಎಂಬುದು ನಮ್ಮ ಒಪ್ಪಂದ. ಅವರೆಲ್ಲ ಒಳ್ಳೆಯವರೇ. ಒಳ್ಳೆಯತನದ ಜಂಬ ಮಾತ್ರ ನನಗೊಬ್ಬನಿಗೇ ಇತ್ತು.

ಬೆಲೆ ಇಳಿಸುವುದೆಂದರೆ ನಕ್ಷೆ ಮುಂದಿಟ್ಟುಕೊಂಡು ಒಂದೊಂದನ್ನೇ ಕತ್ತರಿಸುವುದು. ಲಿಫ್ಟು ತೆಗೆದೆ, ಬಾಲ್ಕನಿ ತೆಗೆದೆ. ಸಾಲಲಿಲ್ಲ. ನಾಲ್ಕಡಿ ಅಗಲದ ಮೆಟ್ಟಿಲನ್ನು ಮೂರಡಿ ಮಾಡಿ, ಅದು ತಿರುಗುವ ಜಾಗವನ್ನೂ ಅಷ್ಟಕ್ಕೇ ಒತ್ತಿದೆ. ಹೀಗೆ ಅಲ್ಲಿ ಇಲ್ಲಿ ಉಳಿಸಿದ ಜಾಗವನ್ನೆಲ್ಲ ಕೂಡಿಸಿದಾಗ ಪ್ರತಿ ಮಹಡಿಯಲ್ಲೂ ಇನ್ನೊಂದು ಪುಟ್ಟ ಮನೆ ಹಿಡಿಸಿತು. ಎಂಜಿನಿಯರ್ ತಲೆ ಕೆರೆದುಕೊಂಡರು.

“ಸಾರ್, ಬೀರು ಕೂಡ ತಿರುಗಲ್ಲ ಇದ್ರಲ್ಲಿ.”

“ದೊಡ್ಡ ಬೀರು ಇರೋರು ಇಲ್ಲಿಗ್ಯಾಕ್ರೀ ಬರ್ತಾರೆ?” ಎಂದೆ. ನನ್ನ ಜೋಕಿಗೆ ನಾನೇ ನಕ್ಕೆ.

ಮೂರನೇ ಮಹಡಿಯ ಮನೆಯನ್ನು ವಿಜಾಪುರದ ಕಡೆಯ ದಂಪತಿ ಕೊಂಡರು. ಆತ ಬಿಟಿಎಂನ ಆಫೀಸೊಂದರಲ್ಲಿ ಎಲೆಕ್ಟ್ರಿಷಿಯನ್, ಆಕೆ ಪಿಜಿ ಹಾಸ್ಟೆಲೊಂದರಲ್ಲಿ ಅಡುಗೆಯವಳು. ಬಂದ ದಿನವೇ ಆತ ನಡುಮನೆಯ ಗೋಡೆಗೆ ಸಾಲಾಗಿ ಮೊಳೆ ಹೊಡೆಯತೊಡಗಿದ. ತಗುಲಿಹಾಕಲು ಒಂದು ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ. “ಬಾಡಿಗಿ ಮನ್ಯಾಗ ಒಂದು ಮೊಳಿ ಹೊಡಿಯಾಕೂ ಓನರ್‌ನ ಕೇಳ್ಬೇಕಿತ್ರೀ ಸಾರ್,” ಎಂದ. ಆ ಸಂತೋಷ ನೋಡಿ ನನ್ನ ಜಂಬ ಇನ್ನಷ್ಟು ಏರಿತು, ಸುಳ್ಳೇಕೆ.

ಎರಡು ವರ್ಷದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಟ್ಯಾಂಕು ಸೋರುತ್ತಿದೆ ಎಂಬ ದೂರು ಬಂದು ನಾನು ಅಲ್ಲಿಗೆ ಹೋಗಿದ್ದೆ. ಮೂರನೇ ಮಹಡಿಯಲ್ಲಿ ಆ ಎಲೆಕ್ಟ್ರಿಷಿಯನ್ನನ ಹೆಂಡತಿ ಕೂಗಿಕೊಂಡಳು. ಒಳಗೆ ಹೋದರೆ ಆತ ಎದೆ ಹಿಡಿದುಕೊಂಡು ನೆಲದ ಮೇಲೆ ಬಿದ್ದಿದ್ದ, ಮೈಯೆಲ್ಲ ಬೆವರು. ಆಂಬ್ಯುಲೆನ್ಸ್ ಬೇಗನೇ ಬಂತು. ಇಬ್ಬರು ಸ್ಟ್ರೆಚರ್ ತಂದು ಆತನನ್ನು ಮಲಗಿಸಿಕೊಂಡು ಹೊರಟರು. ಮೊದಲನೇ ತಿರುವಿನಲ್ಲೇ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತು. ಓರೆ ಮಾಡಿದರು, ಎತ್ತಿದರು, ಆತ ಜಾರತೊಡಗಿದ.

“ಯಾವನ್ರೀ ಇದನ್ನ ಕಟ್ಟಿದ್ದು?” ಎಂದು ಮುಂದಿದ್ದವನು ಕಿರುಚಿದ. ನಾನು ಕುರ್ಚಿ ಹುಡುಕಲು ಮೇಲಕ್ಕೆ ಓಡಿದೆ.

ಮತ್ತೆ ಮೇಲಕ್ಕೆ ಒಯ್ದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಆಕೆಯದೊಂದು ಸೀರೆಯಿಂದ ಕಟ್ಟಿ ಇಳಿಸಿದೆವು. ಮುಂದೊಬ್ಬ, ಹಿಂದೊಬ್ಬ. ಪಕ್ಕದಲ್ಲಿ ನಿಂತು ಆತನ ತಲೆ ಹಿಡಿದುಕೊಳ್ಳಲು ಜಾಗವಿರಲಿಲ್ಲ. ಮೂರು ಮಹಡಿಯುದ್ದಕ್ಕೂ ಆ ತಲೆ ವಾಲಾಡುತ್ತಲೇ ಇತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಮುಟ್ಟಿ ನೋಡಿ, “ಸ್ವಲ್ಪ ಮುಂಚೆ ತಂದಿದ್ರೆ,” ಎಂದು ಅಷ್ಟಕ್ಕೇ ನಿಲ್ಲಿಸಿದರು.

ಹದಿನೈದು ದಿನ ಬಿಟ್ಟು ಆಕೆಯನ್ನು ನೋಡಲು ಹೋದೆ. ಮೆಟ್ಟಿಲು ಕಿರಿದು ಮಾಡಿಸಿದವನು ನಾನೇ ಎಂದು ಹೇಳಿಬಿಡಬೇಕೆಂದೇ ಹೋದೆ. ಮುಂದಿನ ಕಟ್ಟಡದ ನಕ್ಷೆ ಚೀಲದಲ್ಲಿತ್ತು. ಅದರಲ್ಲಿ ಮೆಟ್ಟಿಲನ್ನು ಐದಡಿ ಮಾಡಿಸಿದ್ದೆ, ಬೆಲೆಯೂ ಅದಕ್ಕೆ ತಕ್ಕಂತೆ ಏರಿತ್ತು. ಆಕೆ ಚಹಾ ತಂದುಕೊಟ್ಟು ಎದುರಿಗೆ ನೆಲದ ಮೇಲೆ ಕೂತಳು.

“ಬಾಡಿಗಿ ಮನ್ಯಾಗ ಇದ್ದಿದ್ರ ಇಷ್ಟೊತ್ತಿಗೆ ಖಾಲಿ ಮಾಡ್ರಿ ಅಂತಿದ್ರು ಸಾರ್. ಅವರು ಹ್ವಾದ್ರೂ ಸೂರು ಉಳೀತು. ನಿಮ್ಮ ಪುಣ್ಯಾರೀ.”

ಅಂದುಕೊಂಡು ಹೋಗಿದ್ದ ಮಾತನ್ನು ಬಿಟ್ಟು, ಚಹಾ ಚೆನ್ನಾಗಿದೆ ಎಂದೆ. ಇಂಥ ಹೇಡಿತನ ನನ್ನಲ್ಲಿದೆಯೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

“ನನ್ನ ತಂಗಿ ಮಡಿವಾಳದಾಗ ಬಾಡಿಗಿಗೆ ಅದಾಳ್ರೀ. ಎರಡು ಸಣ್ಣ ಹುಡುಗ್ರು. ನೀವು ಕಟ್ಟಸ್ತೀರಂತಲ್ರೀ, ಆ ಹೊಸಾ ಬಿಲ್ಡಿಂಗ್‌ನಾಗ ಆಕಿಗೂ ಒಂದು ಮನಿ ಕೊಡಸ್ರಿ ಸಾರ್. ಇದ ರೇಟಿನಾಗ. ಜಾಸ್ತಿ ಆದ್ರ ಆಕಿಗೆ ಆಗೂದಿಲ್ಲ.”

“ಕೊಡಿಸ್ತೀನಮ್ಮ,” ಎಂದೆ.

ಮರುದಿನ ಎಂಜಿನಿಯರ್‌ಗೆ ನಕ್ಷೆ ವಾಪಸ್ಸು ಕೊಟ್ಟು, ಮೆಟ್ಟಿಲನ್ನು ಮೂರಡಿಗೆ ಇಳಿಸಲು ಹೇಳಿದೆ.