ಸವಳು ಹತ್ತಿದ ಹೊಲ

ಒಗೆಯುವ ಸೋಡಾದ ನೀರಿಗೆ ಕೈ ಅದ್ದಿದಾಗ ಬೆರಳು ಬೆರಳಿಗೆ ಜಾರುತ್ತದಲ್ಲ, ಆ ನುಣುಪು ತಾಕಿದರೆ ಸಾಕು, ತುರ್ವಿಹಾಳದ ನಮ್ಮ ಹೊಲದ ಬದುವಿನ ಮೇಲೆ ಕೂತ ಶರಣಕ್ಕ ಕಣ್ಣ ಮುಂದೆ ಬರುತ್ತಾಳೆ. ಎಂಬತ್ತರ ದಶಕದ ಕೊನೆ. ಅಕ್ಕ ದಿನಾ ಬಸ್ಸಿನಲ್ಲಿ ಸಿಂಧನೂರಿಗೆ ಹೋಗಿ ಪಿಯುಸಿ ಸೈನ್ಸ್ ಓದುತ್ತಿದ್ದಳು. ಒಂದು ದಿನ ನೋಟ್‌ಬುಕ್ಕಿನ ನಡುವೆ ಲಿಟ್ಮಸ್ ಕಾಗದದ ಪಟ್ಟಿಗಳನ್ನು ತಂದಳು. ನಿಂಬೆರಸದಲ್ಲಿ ನೀಲಿ ಪಟ್ಟಿ ಕೆಂಪಾಯಿತು. ಅವ್ವನ ಎಲೆಯಡಿಕೆ ಸುಣ್ಣದ ನೀರಿನಲ್ಲಿ ಕೆಂಪು ಪಟ್ಟಿ ನೀಲಿಯಾಯಿತು. ಹುಳಿ ಆಮ್ಲ, ಸುಣ್ಣ ಪ್ರತ್ಯಾಮ್ಲ ಎಂದು ಅವಳು ಹೇಳುತ್ತಿದ್ದರೆ ಅವ್ವ ಕಸಬರಿಗೆ ಹಿಡಿದೇ ನಿಂತು ನಗುತ್ತಿದ್ದಳು. ಆ ಮನೆಯಲ್ಲಿ ಅಷ್ಟು ನಗು ನಾನು ಮತ್ತೆ ಕೇಳಲಿಲ್ಲ.

ಆ ವರ್ಷ ಹೊಲದ ಒಂದು ಮೂಲೆಯಲ್ಲಿ ಭತ್ತದ ಸಸಿ ಸುಟ್ಟಂತಾಗಿತ್ತು. ಅಕ್ಕ ಅಲ್ಲಿಯ ಮಣ್ಣನ್ನು ನೀರಲ್ಲಿ ಕಲಕಿ, ತಿಳಿಯಾದ ಮೇಲೆ ಕೆಂಪು ಪಟ್ಟಿ ಅದ್ದಿದಳು. ನೋಡುನೋಡುತ್ತ ನೀಲಿಯಾಯಿತು. ನಾನು ಕೈ ಅದ್ದಿದರೆ ಆ ನೀರು ಸೋಡಾದ ನೀರಿನಂತೆ ಬೆರಳಿಗೆ ಜಾರಿತು. ಅವಳ ಮುಖ ಬಾಡಿತು.

"ಅಪ್ಪಾ, ಹೊಲ ಸವಳಾಗಾಕತ್ತೈತಿ. ಕಾಲುವಿ ನೀರು ನಿಂತು ನೆಲದಾಗಿನ ಉಪ್ಪು ಮ್ಯಾಲ ಬರಾಕತ್ತೈತಿ. ಬಸಿಗಾಲುವಿ ತೆಗದು ನೀರು ಹಳ್ಳಕ್ಕ ಬಿಡಬೇಕು."

ಹಳ್ಳ ಇದ್ದದ್ದು ದೊಡ್ಡಪ್ಪನ ಹೊಲದಾಚೆ. ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಅವನ ಮನೆಗೆ ಹೋದ. ದೊಡ್ಡಪ್ಪ ಪಟ್ಟಿಯನ್ನು ಬೆಳಕಿಗೆ ಹಿಡಿದು ನಕ್ಕ.

"ಹುಡುಗಿ ಕಾಗದ ನೋಡಿ ನನ್ನ ಹೊಲ ಅಗೀಲೇನಲೇ? ಮೊದಲ ಇಕಿನ್ನ ಕೊಟ್ಟು ಕಳಿಸು."

ಅಪ್ಪ ಅಣ್ಣನಿಗೆ ಎದುರಾಡಿದವನಲ್ಲ. ಬೇಸಿಗೆಯಲ್ಲಿ ಅಕ್ಕನನ್ನು ಲಿಂಗಸುಗೂರಿಗೆ ಕೊಟ್ಟರು. ಓದು ಅರ್ಧಕ್ಕೇ ನಿಂತಿತು. ಮೂರು ವರ್ಷದಲ್ಲಿ ನಮ್ಮ ಹೊಲ ಜೋಳದ ಹಿಟ್ಟು ಚೆಲ್ಲಿದಂತೆ ಬೆಳ್ಳಗಾಯಿತು. ಬಿತ್ತುವುದು ಏನೂ ಇರದಿದ್ದರೂ ಅಪ್ಪ ದಿನಾ ಹೋಗಿ ಬರುತ್ತಿದ್ದ. ಸಾಯುವವರೆಗೂ ಹೋದ.

ಆಮೇಲೆ ದೊಡ್ಡಪ್ಪನ ಹೊಲಕ್ಕೂ ಸವಳು ಹತ್ತಿತು. ನಾನು ಲಿಂಗಸುಗೂರಿನಲ್ಲಿ ಅಕ್ಕನ ಮನೆಯಲ್ಲಿದ್ದಾಗ, ಟವೆಲಿನಲ್ಲಿ ಮಣ್ಣು ಕಟ್ಟಿಕೊಂಡು ಅವನು ಬಂದ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

"ಶರಣವ್ವಾ, ಒಮ್ಮೆ ನೋಡಬೇ. ಅವತ್ತ ನೀ ಹೇಳಿದ್ದಿ, ನಾ ಕೇಳಲಿಲ್ಲ."

ಅಕ್ಕ ತಲೆ ಎತ್ತಲಿಲ್ಲ. "ಅದೆಲ್ಲಾ ಮರ್ತೀನಿ ದೊಡ್ಡಪ್ಪಾ," ಎಂದಳು.

ಸಿಟ್ಟಿನಿಂದ ಹೇಳಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ನಿಜವಾಗಿಯೂ ಮರೆತಿದ್ದಳು. ದೊಡ್ಡಪ್ಪ ಮಣ್ಣಿನ ಗಂಟನ್ನು ಬಿಚ್ಚಲೂ ಆಗದೆ, ಎತ್ತಿಕೊಂಡು ಹೋಗಲೂ ಆಗದೆ ಹೊಸ್ತಿಲಲ್ಲೇ ಕೂತುಬಿಟ್ಟ.

ಈಗ ಅಲ್ಲಿ ಹೋಗಿ ನಿಂತರೆ ನಮ್ಮ ಹೊಲ ಎಲ್ಲಿ ಮುಗಿಯಿತು, ದೊಡ್ಡಪ್ಪನದು ಎಲ್ಲಿ ಶುರುವಾಯಿತು ಎಂದು ನನಗೂ ಗುರುತು ಹತ್ತುವುದಿಲ್ಲ.