ಮುಂದಿನ ಸಾಲಿನ ಟ್ರೊಂಬೋನು

ಶಿರಸಿಯ ನಮ್ಮ ಮದುವೆ ಬ್ಯಾಂಡಿನಲ್ಲಿ ನನ್ನ ಗಂಡ ಯಾವಾಗಲೂ ಮುಂದಿನ ಸಾಲಿನ ನಡುವೆ ನಡೆಯುತ್ತಿದ್ದರು. ನೋಡಿದವರು ಇವರೇ ಮಾಸ್ತರು ಎಂದುಕೊಳ್ಳುತ್ತಿದ್ದರು. ನಿಜವಾದ ಮಾಸ್ತರು ಕ್ಲಾರಿನೆಟ್ ಹಿಡಿದು ಪಕ್ಕದಲ್ಲಿ ನಡೆಯುವವರು. ಇವರು ಮುಂದೆ ಇರುತ್ತಿದ್ದದ್ದು ಇವರು ಊದುವ ಉದ್ದನೆಯ ಹಿತ್ತಾಳೆ ವಾದ್ಯ, ಟ್ರೊಂಬೋನಿನ ಕಾರಣಕ್ಕೆ. ಅದರ ಕೊಳವೆ ಹಿಂದೆ ಮುಂದೆ ಜಾರುತ್ತದೆ. ಕೈ ಪೂರ್ತಿ ಚಾಚಿದರೆ ಮುಂದಿನವರ ಬೆನ್ನಿಗೆ ತಿವಿಯುತ್ತದೆ. ಹಾಗಾಗಿ ಅದರ ಮುಂದೆ ಯಾರೂ ಇರಬಾರದು. ಈ ಕಾರಣ ನನಗೆ ಗೊತ್ತಿತ್ತು, ಆದರೆ ಯಾರಿಗೂ ಹೇಳುತ್ತಿರಲಿಲ್ಲ. ಮಾಸ್ತರು ಎಂದುಕೊಂಡರೆ ಎಂದುಕೊಳ್ಳಲಿ ಅನ್ನಿಸುತ್ತಿತ್ತು.

ಅವರಿಗೆ ಕಲಿಸಿದವರು ಧಾರವಾಡದ ಕಡೆಯ ಒಬ್ಬ ಮುದುಕರು, ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದವರು. ತುತ್ತೂರಿಗಳಿಗೆ ಬೆರಳಿನಿಂದ ಒತ್ತುವ ಗುಂಡಿ ಬರುವುದಕ್ಕೆ ನೂರಾರು ವರ್ಷ ಮೊದಲೇ ಯುರೋಪಿನ ಚರ್ಚುಗಳಲ್ಲಿ ಹಾಡುವವರ ಜೊತೆಗೆ ಈ ವಾದ್ಯ ಇತ್ತು ಎಂದು ಅವರು ಹೇಳಿದ್ದರಂತೆ. ನಮ್ಮದು ಮೀರತ್‌ನಲ್ಲಿ ಮಾಡಿದ್ದು, ಹುಬ್ಬಳ್ಳಿಯಲ್ಲಿ ಹಳೆಯದಾಗಿ ಸಿಕ್ಕಿದ್ದು. ಕೊಳವೆಯ ಮೇಲೆ ಗೆರೆಯಿಲ್ಲ, ಗುರುತಿಲ್ಲ. ಕೈ ನಿಲ್ಲಬೇಕಾದ ಜಾಗ ಏಳು, ಏಳನ್ನೂ ತೋಳೇ ನೆನಪಿಟ್ಟುಕೊಳ್ಳಬೇಕು. ಹಾರ್ಮೋನಿಯಂನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರಬೇಕು, ಇದರಲ್ಲಿ ಹಾಡುವವರ ಗಂಟಲಿನ ಹಾಗೆ ಜಾರಿ ಹೋಗಬಹುದು ಎಂದು ನನ್ನ ಗಂಡ ಹೇಳುತ್ತಿದ್ದರು. ಹುಡುಗಿಯನ್ನು ಕಳಿಸಿಕೊಡುವ ಹೊತ್ತಿನಲ್ಲಿ ಅವರು ಹಾಗೆ ಜಾರಿಸಿ ನುಡಿಸಿದರೆ, ಅದುವರೆಗೆ ಓಡಾಡಿಕೊಂಡು ಗಟ್ಟಿಯಾಗಿದ್ದ ತಾಯಂದಿರೂ ಸೆರಗು ಹುಡುಕುತ್ತಿದ್ದರು.

ಮದುವೆಯಾದ ಹೊಸತರಲ್ಲಿ ನಾನೊಂದು ತಪ್ಪು ಮಾಡಿದೆ. ಯಲ್ಲಾಪುರದಲ್ಲಿ ಡಿಸೆಂಬರಿನ ಬೆಳಗಿನ ಮದುವೆ. ಕೊಳವೆ ಚೆನ್ನಾಗಿ ಜಾರಲಿ ಎಂದು ಹಿಂದಿನ ದಿನವೇ ಅದಕ್ಕೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿಟ್ಟೆ. ಚಳಿಗೆ ಎಣ್ಣೆ ಹೆಪ್ಪುಗಟ್ಟಿತು. ಅಲ್ಲಿ ಮದುಮಗ ಕಾರಿನಿಂದ ಇಳಿದು ನಿಂತಿದ್ದಾನೆ, ಇವರು ಚಹದಂಗಡಿಯ ಒಲೆಯ ಪಕ್ಕ ಕೂತು ಕೊಳವೆಗೆ ಬಿಸಿ ತಾಗಿಸುತ್ತಿದ್ದಾರೆ. ಇವರು ಮನೆಗೆ ಬಂದಾಗ, ಬೈಯುತ್ತಾರೆಂದು ನಾನು ಒಳಗೇ ನಿಂತಿದ್ದೆ.

“ಎಂತ ಮಾರಾಯ್ತಿ, ಟ್ರೊಂಬೋನಿಗೂ ಎಣ್ಣೆಸ್ನಾನ ಮಾಡ್ಸಿದ್ಯಾ? ದೀಪಾವಳಿ ಮುಗ್ದು ತಿಂಗಳಾತಲ್ಲೆ!”

ಮುಖಕ್ಕೆ ಹಚ್ಚುವ ಕೋಲ್ಡ್ ಕ್ರೀಮನ್ನು ಕೊಳವೆಗೆ ತೆಳ್ಳಗೆ ಸವರಿ, ಮೇಲೆ ನೀರು ಸಿಂಪಡಿಸಬೇಕು ಎಂದು ಅಂದೇ ಕಲಿಸಿಕೊಟ್ಟರು. ಅಲ್ಲಿಂದ ಮುಂದೆ ಅದರ ಆರೈಕೆ ಪೂರ್ತಿ ನನ್ನದಾಯಿತು. ನುಡಿಸುವುದು ಅವರು, ಜಾರಿಸುವುದು ನಾನು ಎಂದು ಅವರೇ ಎಲ್ಲರ ಮುಂದೆ ಹೇಳುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಅವರು ಹೋದರು. ಎದೆನೋವು, ಒಂದೇ ದಿನ. ಆಮೇಲೆ ಬ್ಯಾಂಡು ಹೊರಟ ಪ್ರತಿ ಮದುವೆಯಲ್ಲೂ ಮುಂದಿನ ಸಾಲಿನ ನಡುವೆ ಒಬ್ಬರ ಜಾಗ ಖಾಲಿ ಬಿಟ್ಟೇ ನಡೆದರಂತೆ. ಯಾರೂ ಹಾಗೆ ಮಾಡಿ ಎಂದು ಹೇಳಿದ್ದಲ್ಲ. ಇದನ್ನು ಕೇಳಿದ ದಿನ ನಾನು ಅತ್ತುಬಿಟ್ಟೆ, ಊಟವನ್ನೂ ಸರಿಯಾಗಿ ಮಾಡಿದೆ. ಅದಕ್ಕೆ ಮೊದಲು ಎಷ್ಟೋ ದಿನ ಅನ್ನ ಇಳಿದಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಸೋಂದಾದ ಕಡೆಯಿಂದ ಹೋಂಸ್ಟೇ ನಡೆಸುವ ಒಬ್ಬರು ಟ್ರೊಂಬೋನು ಕೇಳಿಕೊಂಡು ಬಂದರು. “ಗೋಡೆಗೆ ಹಾಕಿದ್ರೆ ಭಾರೀ ಚೊಲೋ ಕಾಣ್ತದೆ ಅಕ್ಕಾ. ಕೆಳಗೆ ಯಜಮಾನರ ಹೆಸರೂ ಬರೆಸ್ತೇನೆ” ಎಂದರು. ಒಳ್ಳೆಯ ಮನುಷ್ಯರೇ. ನನ್ನ ಗಂಡನ ಹೆಸರನ್ನು ಬಂದವರೆಲ್ಲ ಓದುತ್ತಾರೆ ಎಂಬುದು ನನ್ನನ್ನು ಎಳೆಯಿತು. ಇನ್ನೊಂದು ಕಾರಣವೂ ಇತ್ತು. ಅವರ ತುಟಿ ತಾಗಿದ ವಾದ್ಯಕ್ಕೆ ಬೇರೆಯವರು ಬಾಯಿ ಹಚ್ಚುವುದನ್ನು ನೆನೆದರೂ ನನಗೆ ಸಹಿಸಲಾಗುತ್ತಿರಲಿಲ್ಲ. ಎಂಜಲು ಎಂದು ಅಸಹ್ಯವಲ್ಲ, ಅವರದ್ದೆಂದು ಉಳಿದಿರುವುದು ಅಷ್ಟೇ ಅನ್ನಿಸುತ್ತಿತ್ತು. ಗೋಡೆಯ ಮೇಲಿದ್ದರೆ ಯಾರೂ ಊದುವುದಿಲ್ಲವಲ್ಲ. ಎರಡು ದಿನ ಬಿಟ್ಟು ಹೇಳುತ್ತೇನೆ ಎಂದು ಕಳಿಸಿದೆ.

ಸುದ್ದಿ ಹೇಗೋ ಬ್ಯಾಂಡಿನವರಿಗೆ ಮುಟ್ಟಿತು. ಮರುದಿನ ಬೆಳಿಗ್ಗೆ ಯುಫೋನಿಯಂ ಎಂಬ ದಪ್ಪ ತುತ್ತೂರಿ ಊದುವವನು ಬಂದ. ನಲವತ್ತು ದಾಟಿದವನು, ಬ್ಯಾಂಡಿಗೆ ಸೇರಿದಾಗಿನಿಂದ ನನ್ನ ಗಂಡನ ಹಿಂದಿನ ಸಾಲಿನಲ್ಲಿ ನಡೆದವನು. ಚಹ ಕುಡಿದು ಮುಗಿದರೂ ಲೋಟ ಕೆಳಗಿಡಲಿಲ್ಲ.

“ಅತ್ಗೆ, ಅದನ್ನ ನಾನು ಊದ್ಲಾ?”

“ನಿಂದು ಗುಂಡಿ ಒತ್ತೋ ವಾದ್ಯ. ಇದ್ರಲ್ಲಿ ಕೈ ಎಲ್ಲಿ ನಿಲ್ಸ್ಬೇಕು ಅಂತ ನಿಂಗೆ ಗೊತ್ತಿದ್ಯಾ?”

“ಇಷ್ಟು ವರ್ಷ ಅಣ್ಣನ ಮೊಣಕೈ ನೋಡ್ತಾನೇ ನಡ್ದವ್ನು ನಾನು. ಯಾವ ಸ್ವರಕ್ಕೆ ಎಷ್ಟು ಚಾಚ್ತಿದ್ರು ಅಂತ ಕಣ್ಣಿಗೆ ಬಾಯಿಪಾಠ ಆಗ್ಯದೆ.”

ಅವನು ಜೇಬಿನಿಂದ ತುಟಿಗಿಟ್ಟು ಊದುವ ಪುಟ್ಟ ಬಟ್ಟಲು, ಮೌತ್‌ಪೀಸು, ತೆಗೆದು ತೋರಿಸಿದ. “ಇದು ನಂದೇ. ಇದಕ್ಕೂ ಕೂರ್ತದೆ. ಅಣ್ಣಂದು ನಿಮ್ ಹತ್ರನೇ ಇರ್ಲಿ.”

ನನ್ನ ಮನಸ್ಸಿನಲ್ಲಿದ್ದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಎದ್ದು ಹೋಗಿ ಪೆಟ್ಟಿಗೆ ತೆರೆದೆ. ಅವರ ಮೌತ್‌ಪೀಸನ್ನು ಬಿಡಿಸಿಟ್ಟುಕೊಂಡು ಉಳಿದದ್ದನ್ನು ಅವನ ಕೈಗೆ ಕೊಟ್ಟೆ. ಸೋಂದಾದವರಿಗೆ ಫೋನ್ ಮಾಡಿ, ಅದು ಇನ್ನೂ ನಡೆಯುತ್ತಿದೆ, ಗೋಡೆಗೆ ಆಗುವುದಿಲ್ಲ ಎಂದೆ.

ಅದು ಮತ್ತೆ ಬೀದಿಗೆ ಇಳಿದದ್ದು ಸಿದ್ದಾಪುರದ ಒಂದು ಮದುವೆಯಲ್ಲಿ, ಡಿಸೆಂಬರಿನ ಬೆಳಿಗ್ಗೆ. ನಾನು ಬಸ್ಸಿನಲ್ಲಿ ಹೋಗಿ ಕಲ್ಯಾಣಮಂಟಪದ ಎದುರಿನ ರಸ್ತೆ ಬದಿಯಲ್ಲಿ ನಿಂತೆ. ಕ್ರೀಮು ಹಿಂದಿನ ದಿನ ನಾನೇ ಸವರಿಕೊಟ್ಟಿದ್ದೆ. ಅವನು ನೀರಿನ ಬಾಟಲಿ ಮರೆತು ಬಂದಿದ್ದ. ನನ್ನ ಚೀಲದಲ್ಲಿ ಇತ್ತು, ದಾಟಿ ಹೋಗಿ ಕೊಟ್ಟೆ. ಖಾಲಿ ಬಿಟ್ಟಿದ್ದ ಜಾಗಕ್ಕೆ ಬರಲು ಅವನಿಗೆ ಕಾಲೇ ಏಳುತ್ತಿರಲಿಲ್ಲ. ಮಾಸ್ತರು “ಬಾರಾ, ಮಂಟಪಕ್ಕೆ ಬರೋ ಮದುಮಗಳೂ ಇಷ್ಟು ನಾಚ್ಕೊಳಲ್ಲ” ಎಂದರು. ಬ್ಯಾಂಡು ನಕ್ಕಿತು, ಅವನು ಮುಂದೆ ಬಂದ.

ಹಾಡಿನ ಮೊದಲ ಸಾಲಿನ ಕೊನೆಯಲ್ಲಿ ಸ್ವರ ಇಳಿಯಬೇಕಾದಷ್ಟು ಇಳಿಯಲಿಲ್ಲ. ನನ್ನ ಗಂಡನ ತೋಳು ಉದ್ದ, ಅವನದು ಗಿಡ್ಡ. ಎರಡನೇ ಸಲ ಅವನು ಭುಜವನ್ನೇ ಮುಂದಕ್ಕೆ ತಳ್ಳಿ ಆ ಜಾಗ ಮುಟ್ಟಿದ. ಇವರ ಹಾಗೆ ಕೇಳಿಸಲಿಲ್ಲ. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರಲಿಲ್ಲ, ಜಾರಿಯೇ ಹೋದ. ಕೊಳವೆ ಬಿಸಿಲಿಗೆ ಹೊಳೆಯುತ್ತ ಹೋಗಿ ಬಂತು, ಎಲ್ಲೂ ತಡೆಯಲಿಲ್ಲ.

ಪಕ್ಕದಲ್ಲಿ ಮೊಬೈಲು ಹಿಡಿದು ನಿಂತಿದ್ದ ಹೆಂಗಸು ಚಿತ್ರ ತೆಗೆಯಲು ರಸ್ತೆಗಿಳಿದಳು. “ನಡುವೆ ಇದ್ದಾರಲ್ಲ, ಅವರೇ ಮಾಸ್ತರಾ?” ಎಂದು ಕೇಳಿದಳು.

“ಅಲ್ಲ. ಅದು ಟ್ರೊಂಬೋನು. ಅದರ ಮುಂದೆ ಯಾರೂ ನಿಲ್ಬಾರ್ದು” ಎಂದೆ.

ಅವಳು ಹಿಂದೆ ಸರಿದು ನನ್ನ ಪಕ್ಕ ನಿಂತಳು.