ವಖಾರಕ್ಕೆ ಬಂದ ಜರ್ಮನಿಯ ಕಿಟಕಿ

ಈ ಎರಡನೆಯ ಮಹಾಯುದ್ಧ ಸುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಮುಂಬಯಿಯ ಗೆಳೆಯನೊಬ್ಬ ಕಳಿಸಿದ ಮಾಸಿಕದಲ್ಲಿ ಜರ್ಮನಿಯ ಕಾರ್ಖಾನೆಯೊಂದರ ಚಿತ್ರವಿತ್ತು. ಬೂಟಿನ ಅಚ್ಚು ಮಾಡುವ ಜಾಗವಂತೆ. ಗೋಡೆ ಇರಬೇಕಾದಲ್ಲೆಲ್ಲ ಗಾಜು. ಮೂಲೆಗೆ ಕಂಬವೂ ಇಲ್ಲ. ರಾಣೆಬೆನ್ನೂರಿನ ಶಾಲೆಯಲ್ಲಿ ಹುಡುಗರಿಂದ ಬಾಳೆಹಣ್ಣು ಬರೆಸುವ ಚಿತ್ರಕಲೆಯ ಮಾಸ್ತರ ನಾನು. ನನಗೆ ಮೊದಲು ಹುಟ್ಟಿದ್ದು ಭಯ: ಆ ಮೂಲೆ ಕುಸಿದರೆ? ಕಟ್ಟಿ ಬಹಳ ವರ್ಷವಾಯಿತೆಂದು ಕೆಳಗೇ ಬರೆದಿತ್ತು. ಆದರೂ ಸಮಾಧಾನವಾಗಲಿಲ್ಲ.

ಆಮೇಲೆ ನೆನಪಾದದ್ದು ಬ್ಯಾಡಗಿಯಲ್ಲಿ ಸೋದರಮಾವ ಮೆಣಸಿನಕಾಯಿ ತುಂಬಿಡುತ್ತಿದ್ದ ವಖಾರ. ಒಂದೇ ಬಾಗಿಲಿನ ಆ ಕತ್ತಲಲ್ಲಿ ಹೆಂಗಸರು ಕೆಮ್ಮುತ್ತ ತೊಟ್ಟು ಮುರಿಯುತ್ತಿದ್ದರು. ಮಾವ ಆಗ ಹೊಸದೊಂದು ವಖಾರ ಕಟ್ಟಿಸುತ್ತಿದ್ದ. ಚಿತ್ರ ತೋರಿಸಿ, ಕಾಡಿಸಿ, ಪಡುವಣ ಗೋಡೆಯ ಉದ್ದಕ್ಕೂ ಗಾಜಿನ ಕಿಟಕಿ ಇಡಿಸಿದೆ. ಮೂಲೆಯ ಕಂಬ ಬಿಡಲು ಮಾತ್ರ ಗೋಡೆ ಕಟ್ಟುವ ಗೌಂಡಿ ಒಪ್ಪಲಿಲ್ಲ.

"ಕಂಬ ಇಲ್ಲಂದ್ರ ಮ್ಯಾಲಿಂದು ಯಾರು ಹೊರೋರ್ರಿ, ಮಾಸ್ತರ? ನೀವು ನಿಲ್ತೀರೇನು?"

ಹೊರಗೆ ವಾದಿಸಿದೆ, ಒಳಗೆ ಅವನಿಗೆ ಕೈ ಮುಗಿದೆ.

ಕೈಕೊಟ್ಟದ್ದು ಬಿಸಿಲು. ಎಂಟೇ ದಿನದಲ್ಲಿ ಕಿಟಕಿ ಬಳಿಯ ರಾಶಿ ಬಿಳಿಚಿಕೊಂಡಿತು. ಬ್ಯಾಡಗಿಯ ಕಾಯಿಗೆ ಬಣ್ಣವೇ ಜೀವ. ಚಳಿದೇಶದವರು ಬಿಸಿಲಿಗೆ ಹಂಬಲಿಸಿ ಕಟ್ಟಿದ್ದನ್ನು ನಾನು ತಂದು ಪಡುವಣಕ್ಕೆ ಇಟ್ಟಿದ್ದೆ. ಜಗತ್ತಿನ ಸಮಸ್ತ ಚಿಂತೆ ತುಂಬಿದ್ದ ತಲೆಗೆ ಸೂರ್ಯನೊಬ್ಬ ಹೊಳೆದಿರಲಿಲ್ಲ.

"ನಾಳೆ ಇಟ್ಟಂಗಿ ತರಿಸಿ ಮುಚ್ಚಿಸ್ತೀನಿ," ಎಂದ ಮಾವ. "ನೀ ಬಾಳೆಹಣ್ಣು ಬರಸ್ಕೋತ ಇರು, ಅಳಿಯಾ."

ತೊಟ್ಟು ಮುರಿಯುತ್ತಿದ್ದ ಹಿರಿಯಾಕೆ ತಲೆ ಎತ್ತದೆ ಹೇಳಿದಳು: "ಮುಚ್ಚಬ್ಯಾಡ್ರಿ ಸಾವ್ಕಾರ್ರ. ಬಿಸಿಲಿಗೆ ಬಣ್ಣ ಹೋಗೂದು ಕಾಯೀದು, ನಮ್ಮದಲ್ಲ. ರಾಶಿ ಒಳಗ ಕತ್ತಲದಾಗ ಇರ್ಲಿ. ನಾವು ಬುಟ್ಟಿ ಬುಟ್ಟಿ ತಂದು ಇಲ್ಲಿ ಕುಂತು ಮುರೀತೀವಿ."

"ಹೊತ್ತು ತರೂದ್ರಾಗ ಹೊತ್ತು ಹೋಗತೈತಿ."

"ಕೆಮ್ಮೂದ್ರಾಗ ಹೋಗೂದಕ್ಕಿಂತ ಕಡಿಮೀನ ಬಿಡ್ರಿ."

ಎರಡು ದಿನ ನೋಡೋಣವೆಂದ ಮಾವ. ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೆಯ ದಿನ ಹೋದರೆ ಕಿಟಕಿಗಳೆಲ್ಲ ತೆರೆದಿದ್ದವು. ಹೆಂಗಸರು ಗಾಳಿಗೆ ಸಾಲಾಗಿ ಕುಳಿತು ಯಾರದೋ ಸೊಸೆಯ ಸುದ್ದಿ ಹೇಳಿ ನಗುತ್ತಿದ್ದರು. ಮಾವನ ವಖಾರದಲ್ಲಿ ಅಷ್ಟು ಮಾತು ನಾನು ಕೇಳಿದ್ದು ಅದೇ ಮೊದಲು.

ಮಾವ ನನ್ನತ್ತ ಸರಿಯಾಗಿ ನೋಡಲಿಲ್ಲ. "ಹಳೇ ವಖಾರಕ್ಕೂ ಇಂಥಾ ಕಿಟಕಿ ಒಂದು ಬರದ್ಕೊಡು," ಎಂದ. "ಈ ಸಲ ಹೊತ್ತು ಎಲ್ಲಿ ಮುಳಗತೈತಿ ಅಂತ ಯಾರನ್ನರ ಕೇಳಿ ಬರಿ."